ಕೋಚ್ ಶರೀಫನ ಕಿವಿ

ಮದುವೆಯ ಮಾತುಕತೆ ನಡೆಯುತ್ತಿದ್ದಾಗ, ಹುಡುಗ ಕತಾರಿನಲ್ಲಿ ಲೈನ್‌ಮ್ಯಾನ್ ಎಂದು ಯಾರೋ ಹೇಳಿದ್ದನ್ನು ಕೇಳಿ ಝಾಹಿದಾಳ ಉಮ್ಮನಿಗೆ ಊಟ ಸೇರಿರಲಿಲ್ಲ. ಕರೆಂಟಿನ ಕಂಬ ಹತ್ತುವವನಿಗೆ ಮಗಳನ್ನು ಕೊಡುವುದು ಹೇಗೆ ಎಂಬುದು ಅವರ ಸಂಕಟ. ಕಂಬವೂ ಅಲ್ಲ, ಕರೆಂಟೂ ಅಲ್ಲ, ಅಮೆರಿಕದವರ ಫುಟ್‌ಬಾಲಿನಲ್ಲಿ ನುಗ್ಗಿ ಬರುವವರನ್ನು ಎದೆಕೊಟ್ಟು ತಡೆಯುವವನಿಗೆ ಹಾಗೆನ್ನುತ್ತಾರೆ ಎಂದು ಗೊತ್ತಾದ ಮೇಲೆ ಸಂಕಟ ಇನ್ನಷ್ಟು ಹೆಚ್ಚಾಯಿತು. ಆದರೂ ಮದುವೆ ಆಯಿತು. ಶರೀಫನ ಮುಖ ನೋಡಿದವರಿಗೆ ಬೇಡ ಅನ್ನಲು ಬಾಯಿ ಬರುತ್ತಿರಲಿಲ್ಲ.

ಶರೀಫ ಇಂಡಸ್ಟ್ರಿಯಲ್ ಏರಿಯಾದ ಒಂದು ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಲಾರಿಯ ಟೈರನ್ನು ಅವನು ಚಹಾದ ಟ್ರೇ ಎತ್ತಿದಷ್ಟು ಸುಲಭವಾಗಿ ಎತ್ತುವುದನ್ನು, ಪಂಕ್ಚರ್ ಹಾಕಿಸಲು ಬಂದ ಅಮೆರಿಕದವನೊಬ್ಬ ನೋಡಿದ. ಮುಂದಿನ ಶುಕ್ರವಾರವೇ ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಅವನಿಗೆ ಕಲಿಸಿದ್ದು ಒಂದೇ ಕೆಲಸ. ಚೆಂಡು ಎಸೆಯುವವನ ಮುಂದೆ ನಿಲ್ಲು, ಅವನನ್ನು ಕೆಡವಲು ಬರುವ ಯಾರನ್ನೂ ದಾಟಲು ಬಿಡಬೇಡ. ಅಷ್ಟನ್ನೇ ಅವನು ವರ್ಷಗಟ್ಟಲೆ ಮಾಡಿದ. ಆ ಮೊಟ್ಟೆಯಾಕಾರದ ಚೆಂಡು ಅವನ ಕೈಗೆ ಸಿಕ್ಕಿದ್ದು ಒಂದೇ ಸಲ. ಅದನ್ನೂ ಮರ್ಯಾದೆಯಿಂದ ರೆಫರಿಗೆ ವಾಪಸ್ ಕೊಟ್ಟುಬಿಟ್ಟಿದ್ದ. ಪೇಪರಿನಲ್ಲಿ ತಂಡದ ಫೋಟೋ ಬಂದರೆ ಅದರಲ್ಲಿ ಕಾಣುವುದು ಅವನ ಬೆನ್ನು. ಝಾಹಿದಾ ಆ ಬೆನ್ನನ್ನೇ ಕತ್ತರಿಸಿ ಇಟ್ಟುಕೊಂಡಿದ್ದಾಳೆ.

ಮೊಣಕಾಲು ಕೈಕೊಟ್ಟ ಮೇಲೆ ಅವನನ್ನು ಕೋಚ್ ಮಾಡಿದರು. ಟೈರ್ ಅಂಗಡಿಯಲ್ಲಿ ಅವನು ಹತ್ತರಲ್ಲಿ ಒಬ್ಬ. ಮೈದಾನದಲ್ಲಿ ಮಾತ್ರ ಅವನು ಬಂದರೆ ಆನೆಯಂಥ ಗಂಡಸರು ಎದ್ದು ನಿಲ್ಲುತ್ತಿದ್ದರು. ಆ ಎದ್ದು ನಿಲ್ಲುವಿಕೆಗಾಗಿಯೇ ಅವನು ವಾರವಿಡೀ ದುಡಿಯುತ್ತಾನೆ ಎಂದು ಝಾಹಿದಾಳಿಗೆ ಅನಿಸುತ್ತಿತ್ತು. ಅದರಲ್ಲಿ ಅವಳಿಗೇನೂ ಬೇಸರವಿರಲಿಲ್ಲ.

ಆಮೇಲೆ ಕಿವಿ ಹೋಗತೊಡಗಿತು. ಟೈರಿನ ನಟ್ಟು ಬಿಚ್ಚುವ ಗಾಳಿಯಂತ್ರದ ಅಬ್ಬರಕ್ಕೇ ಹೀಗಾಗಿರಬೇಕು ಎಂದರು ಡಾಕ್ಟರು. ಕಿವಿಗೆ ಮೆಷಿನ್ ಹಾಕಿಕೊಳ್ಳಲು ಹೇಳಿದರು. ಶರೀಫ ಒಪ್ಪಲಿಲ್ಲ.

"ಕಿವಿಗೆ ಮೆಷಿನ್ ಸಿಕ್ಕಿಸಿಕೊಂಡವನ ಮಾತನ್ನು ಯಾರು ಕೇಳ್ತಾರೆ, ಮಾರಾಯ್ತಿ? ಭೈರಪ್ಪನವರು ಈಗಲೇ ಹೊಸ ಕೋಚನ್ನು ಹುಡುಕ್ತಾ ಇದ್ದಾರೆ."

ಭೈರಪ್ಪ ತಂಡದ ಮ್ಯಾನೇಜರ್, ಮಂಡ್ಯದ ಕಡೆಯವರು. ಯಾರಾದರೂ ಪ್ರಾಯದವನನ್ನು ತರಬೇಕೆಂದು ಅವರು ಬಹಿರಂಗವಾಗಿಯೇ ಹೇಳುತ್ತಿದ್ದರು.

ಹಾಗಾಗಿ ಗಂಡ ಹೆಂಡತಿ ಸೇರಿ ಒಂದು ಉಪಾಯ ಮಾಡಿಕೊಂಡರು. ನೆಂಟರಿಷ್ಟರ ಮನೆಯಲ್ಲಿ ಝಾಹಿದಾ ಅವನ ಪಕ್ಕದಲ್ಲೇ ಕೂರುತ್ತಿದ್ದಳು. ತೊಡೆಗೆ ಒಂದು ಸಲ ತಟ್ಟಿದರೆ 'ಹೌದು' ಅನ್ನಬೇಕು. ಎರಡು ಸಲ ತಟ್ಟಿದರೆ ನಗಬೇಕು. ಚಿವುಟಿದರೆ ಎದ್ದು ಹೊರಡಬೇಕು. ಒಮ್ಮೆ ಸಾವಿನ ಮನೆಯಲ್ಲಿ ಅವನ ತೊಡೆಯ ಮೇಲೆ ಕೂತ ನೊಣವನ್ನು ಓಡಿಸಲು ಎರಡು ಸಲ ತಟ್ಟಿಬಿಟ್ಟು ಅವಳು ಮಾಡಿಕೊಂಡ ಫಜೀತಿ ಹೇಳುವಂಥದ್ದಲ್ಲ. ಉಳಿದಂತೆ ಎಲ್ಲ ಸಾಂಗವಾಗಿ ನಡೆಯುತ್ತಿತ್ತು. ಶರೀಫಾಕ ಎಷ್ಟು ಒಳ್ಳೆಯ ಮನುಷ್ಯ, ಯಾವ ಮಾತಿಗೂ ಎದುರಾಡುವುದಿಲ್ಲ ಎಂದು ಹೆಸರೂ ಬಂತು.

ಮೈದಾನದಲ್ಲಿ ಇದು ನಡೆಯುವ ಹಾಗಿರಲಿಲ್ಲ. ಎದುರಿಗೆ ನಿಂತು ಮಾತಾಡುವವರ ತುಟಿ ನೋಡಿ ಅವನು ಸುಮಾರಾಗಿ ಅರ್ಥಮಾಡಿಕೊಳ್ಳುತ್ತಿದ್ದ. ಆದರೆ ಆಟಗಾರರ ಮುಖಕ್ಕೆ ಹೆಲ್ಮೆಟ್ಟಿನ ಕಂಬಿ, ಬಾಯಿಯೊಳಗೆ ಹಲ್ಲು ಕಾಯುವ ರಬ್ಬರು. ಪ್ರಾಕ್ಟೀಸಿನಲ್ಲಿ ಮಾತಾಡುವವನು ಕೋಚ್ ಒಬ್ಬನೇ, ಹೇಗೋ ದಾಟಿಹೋಗುತ್ತಿತ್ತು. ಮ್ಯಾಚಿನಲ್ಲಿ ಹಾಗಲ್ಲ, ಎಲ್ಲರೂ ಓಡಿಬಂದು ಅವನಿಗೆ ಹೇಳುವವರೇ. ಸೆಮಿಫೈನಲಿನ ಹಿಂದಿನ ದಿನ ಅವನು ಝಾಹಿದಾಳ ಹತ್ತಿರ ಮೆಲ್ಲಗೆ ಕೇಳಿದ.

"ನಾಳೆ ನೀನೂ ಬರ್ತೀಯಾ?"

"ನನಗೆ ನಿಮ್ಮ ಆಟದ ಗಂಧಗಾಳಿ ಗೊತ್ತಿಲ್ಲ."

"ಆಟ ನಾನು ನೋಡಿಕೊಳ್ತೇನೆ. ನೀನು ಕಿವಿ ಮಾತ್ರ ತಾ."

ಆ ಮಾತಿಗೆ ಅವಳು ಕರಗಿದಳು. ಮರುದಿನ ಉಮ್ಮ್ ಸಲಾಲ್ ಎಂಬ ಊರಿನ ಹತ್ತಿರದ ಮೈದಾನಕ್ಕೆ ದೊಡ್ಡ ನೀರಿನ ಜಗ್ ಹಿಡಿದು ಹೋಗಿ, ನೀರು ಕೊಡಲು ಬಂದವಳ ಹಾಗೆ ಅವನ ಪಕ್ಕದ ಕುರ್ಚಿಯಲ್ಲಿ ಕೂತಳು. ಮೊದಲರ್ಧ ಚೆನ್ನಾಗಿಯೇ ನಡೆಯಿತು. ಅವಳು ತಟ್ಟಿದಳು, ಅವನು 'ಹೌದು' ಎಂದ, ತಂಡ ಮುಂದಿತ್ತು. ಇಷ್ಟು ಸುಲಭವೆಂದು ಗೊತ್ತಿದ್ದರೆ ನಾನೇ ಕೋಚ್ ಆಗುತ್ತಿದ್ದೆ ಎಂದು ಅವಳಿಗೆ ಒಳಗೊಳಗೇ ನಗು ಬಂತು.

ದ್ವಿತೀಯಾರ್ಧದಲ್ಲಿ ನಿಝಾಮ್ ಬಿದ್ದ. ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಬಂಟ್ವಾಳದವನು ಅವನು. ಶರೀಫ ಹಿಂದೆ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಅವನು ನಿಲ್ಲುವುದು. ಶುಕ್ರವಾರದ ಊಟ ಇವರ ಮನೆಯಲ್ಲೇ. ಎದುರಿನವನ ಹೆಲ್ಮೆಟ್ ಅವನ ತಲೆಗೆ ಬಡಿದ ಸದ್ದು ಝಾಹಿದಾಳಿಗೆ ಕುರ್ಚಿಯವರೆಗೆ ಕೇಳಿಸಿತು. ಅವನು ಎದ್ದ. ನೀರು ಕುಡಿಯಲು ಎಲ್ಲರೂ ಬಂದಾಗ ಅವನೂ ಬಂದು ಕೋಚ್ ಹತ್ತಿರ ತಲೆ ತಗ್ಗಿಸಿ ನಿಂತ.

"ಶರೀಫಾಕ, ತಲೆ ತಿರುಗ್ತಾ ಉಂಟು. ಎಲ್ಲ ಎರಡೆರಡು ಕಾಣ್ತದೆ. ನಾನು ಹೊರಗೆ ಕೂತ್ಕೊಳ್ಳಲಾ?"

ಕೂತುಕೋ ಎನ್ನಲಿ ಎಂದು ಝಾಹಿದಾ ಅವಸರದಲ್ಲಿ ಒಂದು ಸಲ ತಟ್ಟಿದಳು.

"ಹೌದು ಹೌದು!" ಎಂದ ಶರೀಫ, ಮತ್ತೆ ಒಳಗೆ ಹೋಗಲಾ ಎಂದು ಕೇಳಿದನೆಂದುಕೊಂಡು. "ಯಲ್ಲಾ, ನಡಿ!" ಎಂದು ನಿಝಾಮನ ಬೆನ್ನಿಗೆ ಪ್ರೀತಿಯಿಂದ ಒಂದು ಹೊಡೆದು ಅವನನ್ನು ಮೈದಾನದ ಕಡೆಗೆ ತಳ್ಳಿದ.

ನಿಝಾಮ್ ಒಮ್ಮೆ ತಿರುಗಿ ನೋಡಿದ. ಕೋಚ್ ಹೇಳಿದ ಮೇಲೆ ಮುಗಿಯಿತು. ಅವನು ತೂರಾಡುತ್ತ ಒಳಗೆ ಹೋದ.

ಝಾಹಿದಾಳ ಕೈ ಗಾಳಿಯಲ್ಲೇ ನಿಂತಿತು. ಇದಕ್ಕೊಂದು ತಟ್ಟು ಅವರ ಲೆಕ್ಕದಲ್ಲಿ ಇರಲಿಲ್ಲ. ಗಾಬರಿಯಲ್ಲಿ ಚಿವುಟಿದಳು. ಶರೀಫ ಎದ್ದು ನಿಂತು, ಎಲ್ಲಿಗೆ ಹೊರಡಬೇಕೆಂದು ತಿಳಿಯದೆ ಅವಳ ಮುಖ ನೋಡಿದ. ಏನಾಯಿತೆಂದು ಅವನಿಗೆ ಬಿಡಿಸಿ ಹೇಳಲು ಸಮಯವಿರಲಿಲ್ಲ. ಅಲ್ಲಿ ನಿಝಾಮ್ ನುಗ್ಗಿ ಬರುವವನನ್ನು ತಡೆಯಲು ಆಗಲೇ ಬಗ್ಗಿ ಕೈಯನ್ನು ನೆಲಕ್ಕೆ ಊರಿ ಸಜ್ಜಾಗಿದ್ದ. ಕೂಗಿದರೆ ಗಂಡನ ಮಾನ ಹೋಗುತ್ತದೆ, ಸುಮ್ಮನಿದ್ದರೆ ನಿಝಾಮನ ಜೀವ. ಝಾಹಿದಾ ಬುರ್ಖಾವನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು ಮೈದಾನಕ್ಕೆ ಓಡಿದಳು.

"ನಿಲ್ಲಿಸಿ! ನಿಝಾಮನಿಗೆ ತಲೆ ತಿರುಗ್ತಾ ಉಂಟು! ಅವ ಹೇಳಿದ್ದು ಇವರಿಗೆ ಗೊತ್ತಾಗಲಿಲ್ಲ. ಇವರಿಗೆ ಕಿವಿ ಕೇಳುದಿಲ್ಲ!"

ರೆಫರಿ ಸೀಟಿ ಊದಿದ. ಯಾರಿಗೂ ಅನುಮಾನ ಉಳಿಯಬಾರದೆಂಬಂತೆ ಅವಳು ಅದನ್ನೇ ಹಿಂದಿಯಲ್ಲೂ ಕೂಗಿದಳು. ನೇಪಾಳದವರು, ಫಿಲಿಪ್ಪೀನ್ಸಿನವರು, ಭೈರಪ್ಪ, ಎಲ್ಲರೂ ಶರೀಫನ ಕಡೆಗೆ ತಿರುಗಿದರು. ಅವಳು ಏನು ಕೂಗಿದಳೆಂದು ಆ ಮುಖಗಳನ್ನು ನೋಡಿಯೇ ಅವನಿಗೆ ಗೊತ್ತಾಯಿತು. ಅವನು ಮೆಲ್ಲಗೆ ಕುರ್ಚಿಯಲ್ಲಿ ಕೂತ.

ನಿಝಾಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಆ ತಲೆಗೆ ಇನ್ನೊಂದು ಪೆಟ್ಟು ಬಿದ್ದಿದ್ದರೆ ಕಷ್ಟವಿತ್ತು, ಕೆಲವು ವಾರ ಆಟದ ಮಾತೇ ಬೇಡ ಎಂದರು ಅಲ್ಲಿಯ ಡಾಕ್ಟರು. ತಂಡ ಮ್ಯಾಚು ಸೋತಿತು. ಅದನ್ನು ಯಾರೂ ಎತ್ತಿ ಆಡಲಿಲ್ಲ.

ಮನೆಗೆ ಬಂದ ಶರೀಫ ಬೂಟನ್ನೂ ಬಿಚ್ಚದೆ ಮಂಚದ ಮೇಲೆ ಕೂತ. ಝಾಹಿದಾ ಅವನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಕೂತಳು.

"ಒಮ್ಮೆ ಬೈದುಬಿಡಿ. ಎಲ್ಲರ ಎದುರು ನಿಮ್ಮ ಮರ್ಯಾದೆ ತೆಗೆದೆ."

ಶರೀಫ ತನ್ನ ಅಂಗೈ ನೋಡಿಕೊಂಡ. "ಅವನನ್ನು ತಳ್ಳಿದ್ದು ಈ ಕೈ, ಝಾಹಿದಾ. ನೀನು ಓಡದಿದ್ದರೆ..." ಅಷ್ಟು ದೊಡ್ಡ ದೇಹ ಅಳುವುದನ್ನು ಅವಳು ಎಂದೂ ನೋಡಿರಲಿಲ್ಲ. ಅವನ ತಲೆಯನ್ನು ಎದೆಗೊತ್ತಿಕೊಂಡು ತಾನೂ ಅತ್ತಳು. ಅವನನ್ನು ನೋಯಿಸಿದೆ ಎಂಬುದು ಅವಳಿಗೆ ಗೊತ್ತಿತ್ತು. ಮತ್ತೊಮ್ಮೆ ಹಾಗಾದರೆ ಮತ್ತೆ ಓಡುತ್ತೇನೆ ಎಂಬುದೂ ಅವಳಿಗೆ ಗೊತ್ತಿತ್ತು.

ಮುಂದಿನ ಪ್ರಾಕ್ಟೀಸಿಗೆ ಬಂದು ಮಾತಾಡಲು ಭೈರಪ್ಪ ಹೇಳಿಕಳಿಸಿದರು. ಮಾತಾಡುವುದು ಏನಿದೆ, ತಂಡದ ಸಾಮಾನಿನ ಕೋಣೆಯ ಬೀಗದ ಕೈ ವಾಪಸ್ ಕೊಟ್ಟು ಬರುತ್ತೇನೆ ಎಂದ ಶರೀಫ. ಝಾಹಿದಾ ಜೊತೆಗೆ ಹೋದಳು, ಆದರೆ ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ನೋಡುತ್ತ ಕೂತಳು.

ಆಟಗಾರರು ಅವನ ಸುತ್ತ ನಿಂತರು. ಭೈರಪ್ಪ ಗಂಟಲು ಸರಿಮಾಡಿಕೊಂಡು ಏನೋ ಹೇಳಲು ಹೊರಟರು. ಅಷ್ಟರಲ್ಲಿ ಲುಂಗಿ ಬನಿಯನ್ನಿನಲ್ಲೇ ಬಂದಿದ್ದ ನಿಝಾಮ್ ಮುಂದೆ ಬಂದು, ನೆಲ ನೋಡುತ್ತ ಏನೋ ಗೊಣಗಿದ. ಶರೀಫ ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ. 'ಹೌದು' ಎಂದುಬಿಡಬೇಡಿ ಎಂದು ಝಾಹಿದಾ ಉಸಿರು ಬಿಗಿಹಿಡಿದಳು.

"ನನಗೆ ಕೇಳಲಿಲ್ಲ ನಿಝಾಮ್," ಎಂದ ಶರೀಫ. ಆ ದನಿ ಕಾರಿನವರೆಗೂ ಬಂತು. "ಮುಖ ಎತ್ತಿ ಇನ್ನೊಮ್ಮೆ ಹೇಳು, ಮಗಾ."

ನಿಝಾಮ್ ಮುಖ ಎತ್ತಿದ. "ನಾನು ಹುಷಾರಾಗಿ ಬರುವವರೆಗೆ ನನ್ನ ಜಾಗವನ್ನು ಬೇರೆ ಯಾರಿಗೂ ಕೊಡ್ಬೇಡಿ ಅಂದೆ, ಶರೀಫಾಕ!"

ಶರೀಫ ಭೈರಪ್ಪನವರ ಕಡೆ ನೋಡಿದ. ಅವರು ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡು, ನೀವೇ ಹೇಳಿ ಎಂಬಂತೆ ಕೈ ಮುಂದೆ ಮಾಡಿದರು.

"ಇಲ್ಲ," ಎಂದ ಶರೀಫ. "ಕೊಡುದಿಲ್ಲ. ಯಾರಿಗೂ ಕೊಡುದಿಲ್ಲ."