ಬಕೆಟ್ಟಿನ ನೀರು ಇಪ್ಪತ್ತೆಂಟು

ಅಪ್ಪನದು ಹಿಡಿದ ಮೊಲಕ್ಕೆ ಮೂರೇ ಕಾಲು. ಇಪ್ಪತ್ತು ವರ್ಷದಿಂದ ಸರ್ಫಿಂಗ್ ಕಲಿಸುತ್ತಿದ್ದಾನೆ. ಸಮುದ್ರದ ನೀರು ಎಷ್ಟು ಡಿಗ್ರಿ ಎಂದು ದಿನಾ ಬೆಳಿಗ್ಗೆ ದಡದಲ್ಲಿರುವ ತನ್ನ ಅಂಗಡಿ ಮುಂದಿನ ಕಪ್ಪು ಹಲಗೆಯ ಮೇಲೆ ಬರೆಯುತ್ತಾನೆ. ಇಪ್ಪತ್ತಾರರ ಮೇಲಿದ್ದರೆ ತೆಳು ಲೈಕ್ರಾ ಅಂಗಿ, ಕೆಳಗಿದ್ದರೆ ಮೈ ಬೆಚ್ಚಗಿಡುವ ರಬ್ಬರಿನ ಅರ್ಧತೋಳಿನ ಸೂಟು. ಹಲಗೆ ಹೇಳಿದ ಮೇಲೆ ಮುಗಿಯಿತು, ಬ್ರಹ್ಮ ಬಂದರೂ ಬದಲಾಗುವುದಿಲ್ಲ.

ಅಳೆಯುವ ರೀತಿಯಾದರೂ ನೆಟ್ಟಗಿದೆಯೇ? ಮಬ್ಬುಗತ್ತಲಲ್ಲೇ ಎದ್ದು, ಬಂಡೆಗಳಾಚೆ ಎದೆಮಟ್ಟ ಇಳಿದು, ಒಂದು ಬಕೆಟ್ ನೀರು ತಂದು ಅಂಗಡಿಯ ಜಗಲಿ ಮೇಲಿಡುತ್ತಾನೆ. ಆಮೇಲೆ ಚಹಾ ಕುಡಿಯಲು ಹೋಗುತ್ತಾನೆ. ಚಹಾ ಇಳಿಯದೆ ಥರ್ಮಾಮೀಟರಿನ ಗೆರೆ ಕಣ್ಣಿಗೆ ಕಾಣಿಸುವುದಿಲ್ಲವಂತೆ!

ಅಂಗಡಿಯಲ್ಲಿ ಹೊಲಿಗೆ, ತೇಪೆ ಎಲ್ಲ ನೋಡಿಕೊಳ್ಳುವ ಹಿರಿಮಗಳಿಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತಂತೂ ಕಿರಿಯರ ಸರ್ಫಿಂಗ್ ತಂಡದ ಆಯ್ಕೆ. ಅವಳ ತಂಗಿಗೆ ಹದಿನೇಳು. ವಯಸ್ಸಿನ ಮಿತಿಯೂ ಅಷ್ಟೇ, ಇದೇ ಕೊನೆಯ ಸಲ. ಮೈಮೇಲೆ ಮಾಂಸವೇ ಇಲ್ಲವೆಂದು ಎಲ್ಲರೂ ಅವಳನ್ನು ಕಡ್ಡಿ ಎನ್ನುತ್ತಾರೆ, ಚಳಿ ಬೇಗ ಹಿಡಿಯುತ್ತದೆ. ಅದಕ್ಕೇ ಅಕ್ಕ ವಾರವಿಡೀ ಕೂತು ಅವಳ ಅಳತೆಗೆ ನೀಲಿ ದಾರದಲ್ಲಿ ಸೂಟು ಹೊಲಿದಿದ್ದಳು. ನಿನ್ನೆ ಸಮುದ್ರಕ್ಕಿಳಿದು ತೊಟ್ಟು ನೋಡಿದ ಮೇಲೆ ಉಪ್ಪು ಕೂತು ಗಡುಸಾಗಿತ್ತೆಂದು, ಬೆಳಕು ಹರಿಯುವ ಮೊದಲೇ ಅದನ್ನು ಸಿಹಿನೀರಲ್ಲಿ ಜಾಲಾಡಿ ನೇತುಹಾಕಿದ್ದಳು.

ಚಹಾ ಮುಗಿಸಿ ಬಂದ ಅಪ್ಪ ಹಲಗೆಯ ಮೇಲೆ ಬರೆದ: ೨೮.

"ಮೂರು ದಿನದಿಂದ ದಡದ ಕಡೆಯಿಂದ ಗಾಳಿ ಬೀಸಿ ಮೇಲಿನ ಬೆಚ್ಚನೆ ನೀರನ್ನ ಆಚೆ ತಳ್ತಿದೆ ಅಪ್ಪಾ. ನಾನೀಗ ಕಾಲಿಟ್ಟು ಬಂದೆ, ತಣ್ಣಗೆ ಕೊರೀತಿದೆ. ಸೂಟು ಹಾಕ್ಕೊಳ್ಲಿ ಬಿಡು."

"ನಿನ್ನ ಕಾಲು ಥರ್ಮಾಮೀಟರೇನೇ? ಇಪ್ಪತ್ತೆಂಟರಲ್ಲಿ ರಬ್ಬರ್ ಹಾಕ್ಕೊಂಡ್ರೆ ಬೆಂದು ಹೋಗ್ತಾಳೆ. ಕೈ ಆಡಿಸೋಕೂ ಆಗಲ್ಲ."

"ಇವತ್ತೊಂದು ದಿನ ನನ್ನ ಮಾತು ಕೇಳು."

"ಹಲಗೆ ನೋಡು."

ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಕಡ್ಡಿ ಇಬ್ಬರ ಮುಖವನ್ನೂ ನೋಡಿ, ಲೈಕ್ರಾ ಅಂಗಿ ತೊಟ್ಟು ನೀರಿಗಿಳಿದಳು.

ಅಲೆ ಬರಲು ತಡವಾಯಿತು. ಅರ್ಧ ಗಂಟೆ ಬೋರ್ಡಿನ ಮೇಲೆ ಕೂತಿದ್ದವಳು ಭುಜ ಕುಗ್ಗಿಸುವುದು ದಡಕ್ಕೂ ಕಾಣುತ್ತಿತ್ತು. ಕೊನೆಗೊಂದು ಒಳ್ಳೆ ಅಲೆ ಬಂತು. ಎದ್ದು ನಿಲ್ಲಲು ಹೋದಳು, ಮೊಣಕಾಲು ಏಳಲಿಲ್ಲ, ಬಿದ್ದಳು. ಮತ್ತೆ ಅಂಥ ಅಲೆ ಬರುವಷ್ಟರಲ್ಲಿ ಅವಳ ಸರದಿಯ ಹೊತ್ತು ಮುಗಿದಿತ್ತು. ಆಯ್ಕೆಯ ಪಟ್ಟಿಯಲ್ಲಿ ಅವಳಿರಲಿಲ್ಲ.

ತುಟಿ ನೀಲಿಯಾಗಿ ಹಲ್ಲು ಕಟಕಟಿಸುತ್ತಿದ್ದ ತಂಗಿಯನ್ನು ಜಗಲಿಯಲ್ಲಿ ಕೂರಿಸಿ, ಅಕ್ಕ ಆ ಸೂಟನ್ನೇ ಅವಳ ಹೆಗಲಿಗೆ ಹೊದಿಸಿದಳು. ನಂತರ ಅಪ್ಪನ ಕಡೆ ತಿರುಗಿದಳು.

"ಸಮಾಧಾನ ಆಯ್ತಾ? ನಿನ್ನ ಹಲಗೆ ಗೆಲ್ತು. ಮಗಳು ಸೋತ್ಲು."

ಅಪ್ಪ ಕಡ್ಡಿಯ ಪಕ್ಕ ಕುಕ್ಕರಿಸಿದ. "ಇಪ್ಪತ್ತೆಂಟು ಅಂತಾನೇ ಕಾಣ್ತು ಕಣಮ್ಮಾ. ಕಣ್ಣು ಮಂಜಾಗಿದೆಯೋ ಏನೋ. ತಪ್ಪು ನಂದೇ." ಇಪ್ಪತ್ತು ವರ್ಷದಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಇದೇ ಮೊದಲು. ಅದನ್ನು ಕೇಳಬೇಕೆಂದು ಅಕ್ಕ ಎಷ್ಟು ಕಾದಿದ್ದಳೋ ಅವಳಿಗೇ ಗೊತ್ತು.

ಆದರೂ ಸಿಟ್ಟು ಇಳಿಯಲಿಲ್ಲ. ಆ ದರಿದ್ರ ಬಕೆಟ್ಟನ್ನು ಅವನೆದುರೇ ಚೆಲ್ಲುತ್ತೇನೆಂದು ಎತ್ತಿದಳು. ನೀರು ತುಳುಕಿ ತುಟಿಗೆ ಸಿಡಿಯಿತು. ಉಪ್ಪು ಅಷ್ಟಿರಲಿಲ್ಲ. ಬಗ್ಗಿ ನೋಡಿದರೆ ನೀಲಿ ದಾರದ ತುಂಡೊಂದು ತೇಲುತ್ತಿತ್ತು.

ದಾರ ಅವಳದೇ. ಸೂಟು ಜಾಲಾಡುವ ಆತುರದಲ್ಲಿ, ಆ ಮಬ್ಬಿನಲ್ಲಿ, ಕೈಗೆ ಸಿಕ್ಕ ಬಕೆಟ್ಟಿನ ನೀರು ಚೆಲ್ಲಿ ನಲ್ಲಿ ತಿರುಗಿಸಿದ್ದಳು. ತಾರಸಿಯ ಕಪ್ಪು ಟ್ಯಾಂಕಿನ ನೀರು, ಬೆಳಿಗ್ಗೆಯೂ ಬೆಚ್ಚಗೇ ಇರುತ್ತದೆ. ಅಪ್ಪ ಸರಿಯಾಗಿಯೇ ಓದಿದ್ದ.

ಈಗ ಸುಮ್ಮನೆ ಚೆಲ್ಲಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಇನ್ನೂ ತಲೆ ತಗ್ಗಿಸಿ ಕೂತಿದ್ದ. ಅವಳು ಬಕೆಟ್ಟನ್ನು ಕೆಳಗಿಟ್ಟಳು.

"ಅಪ್ಪಾ, ಇದು ಸಮುದ್ರದ ನೀರಲ್ಲ. ಇದರಲ್ಲಿ ನಾನು ಕಡ್ಡಿಯ ಸೂಟು ಜಾಲಾಡಿದ್ದೆ."

ಕಡ್ಡಿ ಹೆಗಲ ಮೇಲಿನ ಸೂಟನ್ನು ತೆಗೆದು, ನೀಟಾಗಿ ಮಡಿಸಿ, ಅಕ್ಕನ ಪಕ್ಕಕ್ಕಿಟ್ಟಳು. ಅವಳಿಗಿನ್ನೂ ಚಳಿ ಬಿಟ್ಟಿರಲಿಲ್ಲ.