ಶನಿಯಾರನ ಷರಾ

“ಬಿಚ್ಚು ಅಂದೆ ಸುಧಾಕರಣ್ಣ! ಅದರ ಮೇಲೆ ಮಾತ್ರ ಕಟ್ಟೂದು ಬ್ಯಾಡ!”

ದೀಕ್ಷಾ ನೀಲಿ ತಾಡಪಾಲಿನ ತುದಿ ಹಿಡಿದು ಜಗ್ಗಿದಳು. ಇನ್ನೊಂದು ತುದಿಯನ್ನು ತೆಂಗಿನಮರಕ್ಕೆ ಬಿಗಿಯುತ್ತಿದ್ದ ಅವಳ ದೊಡ್ಡಪ್ಪನ ಮಗ ಸುಧಾಕರ ಹಗ್ಗದ ಸಮೇತ ಜಾರಿದ. ತಾಡಪಾಲಿನ ಹೊಟ್ಟೆಯಲ್ಲಿ ನಿಂತಿದ್ದ ನೀರು ದಬಕ್ಕನೆ ಅವನ ತಲೆಯ ಮೇಲೇ ಇಳಿಯಿತು. ಹೆಣಕ್ಕಿಂತ ಮೊದಲು ಅವನ ಸ್ನಾನವಾಯಿತು.

ಜುಲೈ ತಿಂಗಳ ತದಡಿ ಬಂದರು. ಜಗುಲಿಯ ಮೇಲೆ ದೀಕ್ಷಾಳ ಅಪ್ಪ ಶನಿಯಾರ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಿನ್ನೆ ಸಂಜೆ ಹರಿದ ಬಲೆಗೆ ಗಂಟು ಹಾಕುತ್ತ ಕೂತವನು ಕೂತಲ್ಲೇ ಗೋಡೆಗೆ ಒರಗಿದ್ದ. ಮಳೆಗಾಲದಲ್ಲಿ ಯಾರೇ ಸತ್ತರೂ ಊರವರು ಮೊದಲು ಅಂಗಳಕ್ಕೆ ತಾಡಪಾಲು ಕಟ್ಟುತ್ತಾರೆ. ಈ ಅಂಗಳದ ನಟ್ಟನಡುವೆ, ಮರದ ಹನಿಯೂ ತಾಗದ ಜಾಗದಲ್ಲಿ, ಮೊಣಕಾಲೆತ್ತರದ ತಗಡಿನ ಮಳೆಮಾಪಕವೊಂದಿತ್ತು.

“ತಲೆ ಕೆಟ್ಟದ್ಯನೆ ನಿಂಗೆ?” ಸುಧಾಕರ ಮುಖ ಒರೆಸಿಕೊಂಡ. “ಅಪ್ಪನ ಹೆಣ ನೆನೆದ್ರೆ ಅಡ್ಡಿಲ್ಲ, ಡಬ್ಬಿ ನೆನೀಬೇಕು?”

“ಡಬ್ಬಿ ನೆನೀಲೇಬೇಕು. ಎಂಟೂವರೆಗೆ ಅಳೀಬೇಕು. ಇಷ್ಟು ಮಳೆ ಹೊಯ್ದು ಪುಸ್ತಕದಲ್ಲಿ ಕಮ್ಮಿ ಬಂದ್ರೆ ಅದು ಸುಳ್ಳು. ಮೂವತ್ತು ವರ್ಷದಲ್ಲಿ ಒಂದು ದಿನವೂ ಅಪ್ಪ ಇದರೊಳಗೆ ಸುಳ್ಳು ಬೀಳೂಕೆ ಬಿಡ್ಲಿಲ್ಲ!”

ಮೂರನೆಯ ತುದಿ ಹಿಡಿದಿದ್ದ ವೆಂಕಟನ ಕೈಯಿಂದ ಹಗ್ಗ ಜಾರಿತು. ಅವನು ಶನಿಯಾರನ ಬಾಲ್ಯದ ಗೆಳೆಯ. ಬಂದರಿನಲ್ಲಿ ಮೀನು ಹರಾಜು ಕೂಗುವವನು. ಯಾರ ದನಿಯನ್ನಾದರೂ ಕದ್ದು ಅವರಿಗೇ ಮಾರಬಲ್ಲವನು. ಸತ್ತ ಮನೆಯಲ್ಲೂ ಒಂದಾದರೂ ಕೀಟಲೆಯ ಮಾತು ಹಾರಿಸದೆ ಎದ್ದು ಹೋದವನಲ್ಲ. ಇವತ್ತು ಬೆಳಗಿನಿಂದ ಅವನ ಬಾಯಿಗೂ ಯಾರೋ ತಾಡಪಾಲು ಕಟ್ಟಿದಂತಿತ್ತು.

*

ಮೂವತ್ತು ವರ್ಷದ ಹಿಂದೆ ಯಾವುದೋ ಸರ್ವೆಗೆ ಬಂದವರು ಆ ಮಾಪಕ ನಿಲ್ಲಿಸಿ, “ಒಂದು ಮಳೆಗಾಲ ನೋಡ್ಕೊಳ್ಳಿ” ಎಂದು ಹೋದರು. ಮತ್ತೆ ಬರಲಿಲ್ಲ. ಶನಿಯಾರ ಅಳೆಯುವುದನ್ನು ನಿಲ್ಲಿಸಲಿಲ್ಲ. ಮಳೆ ಬಂದರೆ ಊರೆಲ್ಲ ಒಳಗೆ ಓಡುತ್ತಿತ್ತು, ಅವನೊಬ್ಬ ಹೊರಗೆ. ಜ್ವರವಿದ್ದರೂ ಬೆಳಿಗ್ಗೆ ಎಂಟೂವರೆಗೆ ಮಾಪಕದೊಳಗಿನ ಬಾಟಲಿಯ ನೀರನ್ನು ಗಾಜಿನ ಅಳತೆಯಲ್ಲಿ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿಯುವನು, ಬರೆಯುವನು.

ಕುಮಟೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಪಿಎಚ್.ಡಿ. ಮಾಡುತ್ತಿದ್ದ ದೀಕ್ಷಾ ಕಳೆದ ವರ್ಷ ಅಪ್ಪನ ಎದುರು ಲ್ಯಾಪ್‌ಟಾಪ್ ಬಿಡಿಸಿ, ತನ್ನ ಸಂಶೋಧನೆಯ ಕಂಪ್ಯೂಟರ್ ಮಾದರಿ ತೋರಿಸುತ್ತ ಕೂತಿದ್ದಳು.

“ಇದು ನಾಳೆ ಮಳೆ ಬತ್ತದ್ಯಾ ಹೇಳ್ತದ್ಯನೆ?”

“ಇಲ್ಲ ಅಪ್ಪ. ಇವತ್ತು ಬಲೆಗೆ ಎಷ್ಟು ಮೀನು ಬಿತ್ತು ಅನ್ನೂದು ಹವಾಮಾನ. ಮೂವತ್ತು ವರ್ಷ ನೋಡಿ, ಈ ಅಳಿವೆಯ ಗುಣವೇ ಇಂಥದ್ದು ಅಂತೀರಲ್ಲ, ಅದು ಹವಾಗುಣ. ಇದು ಹೇಳೂದು ಅದನ್ನ.”

“ಹ್ಯಾಂಗೆ?”

“ಭೂಮಿ ಮೇಲಿನ ಗಾಳಿಗೆ, ಸಮುದ್ರಕ್ಕೆ ಒಂದು ಬಲೆ ಹಾಸೂದು. ಒಂದೊಂದು ಕಣ್ಣಲ್ಲಿ ಎಷ್ಟು ಬಿಸಿ, ಎಷ್ಟು ಗಾಳಿ, ಎಷ್ಟು ನೀರಿನ ಆವಿ ಅಂತ ಲೆಕ್ಕ. ಪ್ರತಿ ಕಣ್ಣೂ ಪಕ್ಕದ ಕಣ್ಣಿಗೆ ಇಷ್ಟಿಷ್ಟು ದಾಟಿಸ್ತದೆ. ಹಾಂಗೇ ಅರ್ಧರ್ಧ ತಾಸು ಮುಂದಕ್ಕೆ ಹೋಗ್ತಾ ಹೋಗ್ತಾ ನೂರು ವರ್ಷ.”

“ಕಣ್ಣು ಎಷ್ಟು ದೊಡ್ಡದು?”

“ಇಪ್ಪತ್ತೈದು ಕಿಲೋಮೀಟರ್.”

ಶನಿಯಾರ ಗಂಟು ಹಾಕುವುದನ್ನೇ ಬಿಟ್ಟ. “ತದಡಿ, ಗೋಕರ್ಣ, ಕುಮಟೆ ಎಲ್ಲಾ ಒಂದೇ ಕಣ್ಣಲ್ಲಿ? ನಮ್ಮ ಮೋಡ ಅಷ್ಟು ದೊಡ್ಡದಿರೂದಿಲ್ಲ ತಂಗಿ. ನುಣುಚ್ಕಂಡು ಹೋಗ್ತದೆ.”

“ಹೋಗ್ತದೆ. ಅದಕ್ಕೇ ಸಣ್ಣ ಮೋಡದ ಪಾಲು ಅಂದಾಜಲ್ಲಿ ಸೇರ್ಸೂದು. ಅಂದಾಜು ಸರಿ ಅದ್ಯಾ ನೋಡೂಕೆ ಹಳೇ ವರ್ಷದ ಮಳೆ ಅದರ ಬಾಯಲ್ಲೇ ಹೇಳ್ಸಿ, ನಿಜವಾಗಿ ಬಿದ್ದ ಮಳೆ ಸಂಗ್ತಿ ಹೋಲ್ಸೂದು.”

“ಆಗಿಹೋದ ಮಳೆಗೆ ಭವಿಷ್ಯ!” ಶನಿಯಾರ ನಕ್ಕ. “ಹಾಂಗಾರೆ ನಮ್ಮ ವೆಂಕಟನೂ ಹೇಳಬಲ್ಲ.”

“ನಗಬೇಡಿ. ಹೊಗೆಯಿಂದ ಗಾಳಿ ಒಂದು ಡಿಗ್ರಿ ಕಾದ್ರೆ, ನೂರಕ್ಕೆ ಏಳು ಪಾಲು ಹೆಚ್ಚು ನೀರು ಹೊರ್ತದೆ. ಹೊತ್ತದ್ದು ಎಲ್ಲಾದ್ರೂ ಒಮ್ಮೆಗೇ ಇಳಿಸಬೇಕಲ್ಲ?”

ಅವನು ನಗು ನಿಲ್ಲಿಸಿದ. “ಅದು ನನ್ನ ಪುಸ್ತಕದಲ್ಲೂ ಅದೆ. ಮಳೆ ಬರೂ ದಿನ ಕಮ್ಮಿ. ಬಂದ್ರೆ ಮಾತ್ರ ಕೊಡ ಕವುಚಿದಂಗೆ.”

ಅವಳು ಮೂವತ್ತು ವರ್ಷದ ಅಂಕಿಗಳನ್ನೆಲ್ಲ ಟೈಪು ಮಾಡಿ ಗೈಡಿಗೆ ಒಪ್ಪಿಸಿದಳು. ಅವರು ಕನ್ನಡಕ ಏರಿಸಿ ಕೇಳಿದ್ದು ಇಷ್ಟೇ: “ಒಬ್ಬ ಬಲೆ ಹೆಣೆಯುವವನ ಅಂಗಳದ ಡಬ್ಬಿ. ಅದರಲ್ಲಿ ಯಾರೂ ಕೈಯಾಡಿಸಿಲ್ಲ ಅನ್ನೋದಕ್ಕೆ ಏನು ಸಾಕ್ಷಿ?”

*

ಎಂಟೂವರೆಗೆ ಅಳೆದಾಗ ತೊಂಬತ್ತನಾಲ್ಕು ಮಿಲಿಮೀಟರ್. ದೀಕ್ಷಾ ಒದ್ದೆ ಕೈ ಒರೆಸಿಕೊಂಡು ಬರೆದಳು. ಮಾಪಕದಾಚೆ ಓರೆಯಾಗಿ ಕಟ್ಟಿದ ತಾಡಪಾಲಿನಡಿ ಶನಿಯಾರನ ಸ್ನಾನವಾಗಿ, ಚಟ್ಟಕ್ಕೆ ಬಿದಿರು ಬಿಗಿಯುತ್ತಿದ್ದರು.

ವೆಂಕಟ ಹತ್ತಿರ ಬಂದು ನಿಂತ. “ತಂಗಿ, ಒಂದು ಮಾತು.”

“ಹೇಳಿ ಮಾವ.”

“ನೀ ಆಗ ಅಂದೆಯಲ್ಲ, ಸುಳ್ಳು ಬಿದ್ದಿಲ್ಲ ಅಂತ. ಬಿದ್ದದೆ. ನಾನೇ ಹಾಕಿದ್ದು.”

ಅವಳಿಗೆ ಅರ್ಥವಾಗಲಿಲ್ಲ.

“ತಮಾಷೆಗೆ. ಒಂದು ಜನವರಿಲಿ ಅವ ಪೇಟೆಗೆ ಹೋದಾಗ ಎರಡು ಚೊಂಬು ನೀರು ಹೊಯ್ದೆ. ಜನವರಿಲಿ ಮಳೆ ಅಂತ ಅವ ಊರೆಲ್ಲ ಓಡ್ತ, ಆಗ ನಾ ರೇಡಿಯೋದವರ ದನಿ ತೆಗೆದು, ‘ಕರಾವಳಿಯ ಒಂದೇ ಒಂದು ಮನೆಯಲ್ಲಿ ಭಾರೀ ಮಳೆ’ ಅನ್ನೂದು ಅಂತ ಇದ್ದೆ. ಅವ ಅಳೆದ, ಬರೆದ, ಒಳಗೆ ಹೋದ. ಉಸಿರಿಲ್ಲ. ನಂಗೆ ಹಟ ಬಂತು. ಮತ್ತೂ ಹೊಯ್ದೆ. ಮಳೆಗಾಲದಲ್ಲೂ.”

“ಎಷ್ಟು ಸಲ?”

“ಏಳೆಂಟು.”

“ಯಾವ್ಯಾವ ದಿನ?”

“ಅದು ಯಾರಿಗೆ ನೆನಪದೆ?”

ದೀಕ್ಷಾಳ ದನಿ ಏರಿತು. “ನೀವು ಹೊಯ್ದದ್ದು ಎರಡು ಚೊಂಬು ನೀರಲ್ಲ ಮಾವ, ಮೂವತ್ತು ವರ್ಷ ಹೊಯ್ದು ಚೆಲ್ಲಿದ್ರಿ! ಯಾವ ದಿನ ಸುಳ್ಳು ಅಂತ ಗೊತ್ತಿಲ್ದಿದ್ರೆ ಎಲ್ಲಾ ದಿನದ ಮೇಲೂ ಅನುಮಾನ. ಇನ್ನು ಇದನ್ನ ಅಪ್ಪನ ಸಂಗ್ತಿಗೇ ಸುಟ್ಟುಬಿಡಿ!” ಅವಳು ಪುಸ್ತಕವನ್ನು ಜಗುಲಿಯ ಮೇಲೆ ಬಿಸಾಡಿದಳು.

“ಬೊಬ್ಬೆ ಸಾಕು, ಮಳೆ ನಿಂತು ಹೊಳವಾದಾಗ್ಲೇ ಹೊರಡ್ಬೇಕು,” ಎಂದು ಸುಧಾಕರ ಅತ್ತಲಿಂದ ಗದರಿದ.

ಗಂಡನ ತಲೆಯ ಬಳಿ ಕೂತಿದ್ದ ಮಾಸ್ತಮ್ಮ ಪುಸ್ತಕ ಎತ್ತಿಕೊಂಡಳು. ಅವಳಿಗೆ ಓದು ಬರುತ್ತಿರಲಿಲ್ಲ. ಪುಟದ ಬಲತುದಿಯ ಅಂಕಣದ ಮೇಲೆ ಬೆರಳಿಟ್ಟಳು. “ಈ ಕಡೇದು ಓದಿದ್ಯನೆ? ಬರೆದು ನಂಗೆ ಓದಿ ಹೇಳಿ ನಗಾಡ್ತಿದ್ರು.”

“ಅದು ಷರಾ ಅವ್ವಿ, ಬರೀ ಟಿಪ್ಪಣಿ. ಕಂಪ್ಯೂಟರಿಗೆ ಅಂಕಿ ಮಾತ್ರ ಸಾಕು.”

“ನಿನ್ನ ಕಂಪ್ಯೂಟರಿಗೆ ಸಾಕು. ಹಳೇ ಪುಸ್ತಕ ಎಲ್ಲಾ ಆ ಪೆಟ್ಟಿಗೆಲಿ ಅದೆ. ತೆಗೆ.”

ದೀಕ್ಷಾ ಸಿಟ್ಟಿನಲ್ಲೇ ಪುಟ ತಿರುವಿದಳು. ನಾಲ್ಕನೆಯ ಪುಸ್ತಕದ ಜನವರಿಯಲ್ಲಿ ಅವಳ ಕೈ ನಿಂತಿತು. ಮೊದಲು ತನಗೇ ಓದಿಕೊಂಡಳು, ಆಮೇಲೆ ಗಟ್ಟಿಯಾಗಿ.

“‘ಮಳೆ: ಸೊನ್ನೆ. ವೆಂಕಟ: ಮೂವತ್ತೆಂಟು ಮಿಲಿಮೀಟರ್. ರುಚಿ ನೋಡಿದೆ, ಉಪ್ಪುಪ್ಪು. ಅವನ ಬಾವಿಯ ನೀರು.’”

ಬಿದಿರು ಬಿಗಿಯುತ್ತಿದ್ದವರು ತಲೆಯೆತ್ತಿದರು. ಅವಳು ಇನ್ನೊಂದು ಪುಸ್ತಕ ತೆರೆದಳು. ಅಂಕಿಯ ಜಾಗದಲ್ಲಿ ಬರೀ ಅಡ್ಡಗೆರೆ. ಇಂಥ ಗೆರೆಗಳನ್ನು ಅವಳು ಅಪ್ಪನ ಸೋಮಾರಿತನವೆಂದುಕೊಂಡಿದ್ದಳು.

“‘ಜುಲೈ ಹನ್ನೊಂದು. ಮಳೆಯೂ ಬಂದಿದೆ, ವೆಂಕಟನೂ ಬಂದಿದ್ದಾನೆ. ನೀರು ಸಪ್ಪೆಯಾಗಿಲ್ಲ. ಇಬ್ಬರನ್ನೂ ಬೇರೆ ಮಾಡಲಾಗದು. ಈ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯಬೇಡಿ.’”

“ಎಲಾ ಇವನ!” ವೆಂಕಟ ತಲೆಯ ಮೇಲೆ ಕೈಯಿಟ್ಟುಕೊಂಡ. “ಎಲ್ಲಾ ಗೊತ್ತಿದ್ದೂ ಸುಮ್ಮನಿದ್ನನೋ!”

“ಇನ್ನೊಂದು ಅದೆ ಮಾವ.” ದೀಕ್ಷಾ ಪುಸ್ತಕವನ್ನು ಬೆಳಕಿಗೆ ಹಿಡಿದಳು. “‘ವೆಂಕಟ ಇವತ್ತೂ ಬೇಲಿಯಾಚೆ ನಿಂತು ನನ್ನ ಮುಖ ನೋಡಿದ. ನಾನು ನಗಲಿಲ್ಲ. ಕಷ್ಟವಾಯಿತು.’”

“ಹೊರಡೂದಾತು, ಹೆಗಲು ಕೊಡಿ!” ಸುಧಾಕರ ಕೂಗಿದ.

ಮುಂದಿನ ಬಲಗಡೆಗೆ ವೆಂಕಟ, ಎಡಗಡೆಗೆ ಸುಧಾಕರ ಹೆಗಲು ಕೊಟ್ಟರು. ಚಟ್ಟ ಮೇಲೆದ್ದಿತು. ಬೇಲಿಯ ದಣಪೆ ದಾಟುವಷ್ಟರಲ್ಲಿ ಅವನ ಗಂಟಲಿನಿಂದ ಏನೋ ಹೊರಟಿತು, ಎಲ್ಲರೂ ಅಳುವೆಂದುಕೊಂಡರು. ಅದು ನಗು. ತಡೆಯಲು ಹೋದಷ್ಟೂ ಉಕ್ಕಿತು. ಸುಧಾಕರನಿಗೆ ಹತ್ತಿತು, ಹಿಂದಿನ ಇಬ್ಬರಿಗೂ ಹತ್ತಿತು. ಎಲ್ಲರನ್ನೂ ಮೀರಿ ವೆಂಕಟನದೇ ಕೇಳುತ್ತಿತ್ತು. ಅವನ ಹೆಗಲು ಅಲುಗಿದಂತೆ ಬಿದಿರು ಅಲುಗಿತು, ಬಿದಿರಿನ ಮೇಲೆ, ಬಿಳಿ ಬಟ್ಟೆಯೊಳಗೆ, ಶನಿಯಾರನ ಎರಡೂ ಭುಜಗಳು ಕುಲುಕುಲು ಕುಲುಕುತ್ತ ದೂರವಾದವು.