ಲೋಟಕ್ಕೆ ಬಂದ ಜ್ವರ

ಹಾಸಿಗೆ ಬಿಟ್ಟು ಏಳಲಾಗದ ದಿನ ಆ ಮನೆಯ ಸೊಸೆ ಕದ್ದು ಒಂದು ಕೆಲಸ ಮಾಡುತ್ತಿದ್ದಳು. ಥರ್ಮಾಮೀಟರನ್ನು ಬಿಸಿನೀರಿನ ಲೋಟದಲ್ಲಿ ಅದ್ದಿ, ಒರೆಸಿ, ಅತ್ತೆಗೆ ತೋರಿಸುತ್ತಿದ್ದಳು. ಜ್ವರ ಎಂದರೆ ಮಲಗಲು ಬಿಡುತ್ತಿದ್ದರು. ನೋವು ಎಂದರೆ ಯಾರೂ ನಂಬುತ್ತಿರಲಿಲ್ಲ. ಎರಡು ವರ್ಷದಿಂದ ಕುತ್ತಿಗೆ, ಭುಜ, ಸೊಂಟ ಎಲ್ಲವೂ ನೋವು. ರಾತ್ರಿಯೆಲ್ಲ ಮಲಗಿದರೂ ನಿದ್ದೆ ಮಾಡಿದಂತಿಲ್ಲ. ಆದರೆ ರಕ್ತಪರೀಕ್ಷೆ, ಎಕ್ಸ್‌ರೇಗಳಲ್ಲಿ ಏನೂ ಕಂಡಿರಲಿಲ್ಲ. ಅಂದಿನಿಂದ ನೋವಿನ ಮಾತೆತ್ತಲೂ ಅವಳಿಗೆ ನಾಚಿಕೆ.

ಆ ದಿನ ನೀರು ತುಸು ಹೆಚ್ಚೇ ಕಾದಿತ್ತು. ಅತ್ತೆ ಗಾಬರಿಬಿದ್ದು ಪಕ್ಕದ ಮನೆಯ ನರ್ಸಕ್ಕನನ್ನು ಕರೆತಂದರು.

"ನೂರಾ ಏಳು!" ನರ್ಸಕ್ಕ ಸೊಸೆಯ ಹಣೆ ಮುಟ್ಟಿದರು, ಮೇಜಿನ ಮೇಲಿದ್ದ ಲೋಟವನ್ನೂ ಮುಟ್ಟಿದರು. "ಅಮ್ಮ, ಜ್ವರ ಬಂದಿರೋದು ಈ ಲೋಟಕ್ಕೆ."

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಭೂಮಿ ಬಾಯಿಬಿಡಬಾರದೇ ಎನಿಸಿತು.

"ನಾಟಕ!" ಅತ್ತೆ ಸಿಡಿದರು. "ಮೊನ್ನೆ ಮೆಷಿನ್ ಬಿಟ್ಟು ಏಳದೆ ಹನ್ನೆರಡು ಅಂಗಿ ಹೊಲಿದ್ಲು. ಆಗೆಲ್ಲಿ ಹೋಗಿತ್ತು ನೋವು?"

"ಅವತ್ತು ಸ್ವಲ್ಪ ಕಡಿಮೆ ಇತ್ತು ಅತ್ತೆ. ಬಾಕಿ ಇರೋದೆಲ್ಲ ಮುಗಿಸೋಣ ಅಂತ... ತಪ್ಪಾಯ್ತು. ಜ್ವರ ಆದ್ರೆ ಕಣ್ಣಿಗೆ ಕಾಣುತ್ತೆ. ನೋವನ್ನ ಹೇಗೆ ತೋರಿಸ್ಲಿ?"

ನರ್ಸಕ್ಕ ಅವಳ ಪಕ್ಕ ಕೂತರು. "ಜ್ವರ ಸುಳ್ಳು ಅಮ್ಮ, ನೋವು ಸುಳ್ಳಲ್ಲ. ಇದು ಫೈಬ್ರೊಮಯಾಲ್ಜಿಯ ಅನ್ನೋ ಕಾಯಿಲೆ ಇರಬಹುದು. ಸಣ್ಣ ನೋವನ್ನೂ ಮೈ ದೊಡ್ಡದು ಮಾಡಿ ಹೇಳುತ್ತೆ. ಎಕ್ಸ್‌ರೇಲಿ ಕಾಣೋಲ್ಲ. ಡಾಕ್ಟ್ರು ನೋಡಿ, ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೊಂಡು ಹೇಳ್ತಾರೆ."

"ಮಾತ್ರೆ ನುಂಗಿದ್ರೆ ಹೋಗುತ್ತಾ?" ಅತ್ತೆ ಕೇಳಿದರು.

"ಪೂರ್ತಿ ವಾಸಿ ಮಾಡೋ ಮಾತ್ರೆ ಇಲ್ಲ, ಹಿಡಿತಕ್ಕೆ ತರಬಹುದು. ದಿನಾ ಸ್ವಲ್ಪ ನಡೀಬೇಕು, ನಿಧಾನಕ್ಕೆ ಹೆಚ್ಚಿಸ್ಬೇಕು. ಹೊತ್ತಿಗೆ ಸರಿಯಾಗಿ ಮಲಗಬೇಕು. ಮನಸ್ಸು ಕುಗ್ಗಿದ್ರೆ ಆಪ್ತಸಮಾಲೋಚಕರ ಹತ್ರ ಮಾತಾಡಬಹುದು. ಕೆಲವರಿಗೆ ಡಾಕ್ಟ್ರು ಔಷಧಿನೂ ಕೊಡ್ತಾರೆ. ನೀವೇ ಅಂಗಡಿಲಿ ಕೇಳಿ ನುಂಗಬೇಡಿ. ಮತ್ತೆ ನೀನು ತಂಗಿ, ನೋವು ಕಡಿಮೆ ಇದೆ ಅಂತ ಹನ್ನೆರಡು ಹೊಲಿದು ಮೂರು ದಿನ ಮಲಗಬೇಡ. ದಿನಾ ಮೂರೋ ನಾಲ್ಕೋ ಹೊಲಿ, ಮಧ್ಯೆ ಎದ್ದು ಓಡಾಡು."

ಅತ್ತೆ ತಲೆ ತಗ್ಗಿಸಿದರು. "ಬೀದಿಗೆಲ್ಲ ಇವಳನ್ನ ಮೈಗಳ್ಳಿ ಅಂತ ಸಾರಿದ್ದೀನಲ್ಲ. ಇನ್ನು ಯಾವ ಮುಖ ಇಟ್ಕೊಂಡು ಆಚೆ ಹೋಗ್ಲಿ?"

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಏನು ತೊಂದರೆ?"

ಸೊಸೆ ಅತ್ತೆಯ ಮುಖ ನೋಡಿದಳು. ಜ್ವರ ಎಂದು ಹೇಳಿಯೇ ಅವಳಿಗೆ ರೂಢಿ.

ಅತ್ತೆಯೇ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಇವಳಿಗೆ ಮೈಯೆಲ್ಲ ನೋವು ಡಾಕ್ಟ್ರೇ. ಎರಡು ವರ್ಷ ಆಯ್ತು. ನಾವೇ ನಂಬಲಿಲ್ಲ."

ಓದುತ್ತಿರುವ ನಿಮಗೂ ಹೀಗೆ ತಿಂಗಳುಗಟ್ಟಲೆ ಮೈನೋವು, ಆಯಾಸ ಇದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ನಿಮ್ಮ ಮನೆಯಲ್ಲಿ ಯಾರಾದರೂ ನೋವು ಎಂದರೆ, ಮೊದಲು ನಂಬಿ. ಚಿಕಿತ್ಸೆ ಶುರುವಾಗುವುದು ಅಲ್ಲಿಂದಲೇ.